ರಕ್ತದ ಕಾಲುವೆಯೂ ಅದರ ಕವಲೂ
(ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ಕೂಟದಲ್ಲಿ ಯಾವಾಗಲೂ ಬಿತ್ತನೆ, ಗೊಬ್ಬರ, ಕೀಟ ಇವುಗಳ ಮಾತನ್ನೇ ಆಡುವ ನಾನು ಇಂದು ನಮ್ಮ ಮೈಯೊಳಗಿನ ನೀರಾವರಿಯ ವಿಷಯವನ್ನು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ವ್ಯವಸಾಯದ ಡಿಪ್ಲೊಮಾ ಓದಿದವನು. ಆದರೆ ಈ ವಿಷಯದಲ್ಲಿ ಅರ್ಧ ವೈದ್ಯರ ವಿದ್ಯೆಯಾದರೆ ಇನ್ನರ್ಧ ಕಾಲುವೆಯ ವಿದ್ಯೆ. ಕಾಲುವೆಯ ವಿದ್ಯೆಯನ್ನು ಇಲ್ಲಿ ಕುಳಿತಿರುವ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಆದುದರಿಂದ ಧೈರ್ಯಮಾಡಿ ನಿಂತಿದ್ದೇನೆ.

ಹೃದಯಾಘಾತ, ಲಕ್ವ ಇವೆಲ್ಲ ಪೇಟೆಯವರ ರೋಗ, ಕುರ್ಚಿಯ ಮೇಲೆ ಕೂತು ಉಣ್ಣುವವರ ರೋಗ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಆದರೆ ಬೆಳಗಿನ ಜಾವ ನೀರು ಕಟ್ಟಲು ಹೋದವರು ಬದುವಿನ ಮೇಲೆ ಕುಸಿದ ಸುದ್ದಿಯನ್ನು ನಾವು ಕೇಳಿದ್ದೇವೆ. ರಾತ್ರಿ ಚೆನ್ನಾಗಿ ಉಂಡು ಮಲಗಿದವರು ಬೆಳಗ್ಗೆ ಏಳುವಾಗ ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿದ್ದನ್ನೂ ಕಂಡಿದ್ದೇವೆ. ಮೈಮುರಿದು ದುಡಿದರೆ ಈ ರೋಗದ ಭಯ ಕಡಿಮೆಯಾಗುವುದು ನಿಜ. ಇಲ್ಲವೇ ಇಲ್ಲವೆಂಬುದು ಸುಳ್ಳು.

ಹೃದಯಾಘಾತಗಳಲ್ಲಿ ಹೆಚ್ಚಿನವಕ್ಕೂ, ಲಕ್ವಗಳಲ್ಲಿ ಅನೇಕಕ್ಕೂ ಬೇರು ಒಂದೇ. ಹೃದಯದಿಂದ ರಕ್ತವನ್ನು ಒಯ್ಯುವ ನಾಳದ ಗೋಡೆಯಲ್ಲಿ ಜಿಡ್ಡು ಸೇರಿ, ಗೋಡೆ ಉಬ್ಬಿ ಗಡುಸಾಗುವುದೇ ಆ ಬೇರು. ವೈದ್ಯರು ಇದನ್ನು ಅಥೆರೋಸ್ಕ್ಲೆರೋಸಿಸ್ ಎನ್ನುತ್ತಾರೆ. ನಾವು ಜಿಡ್ಡುಗಂಟು ಎಂದು ಕರೆಯೋಣ. ಈ ಗಂಟು ನಾಳದಲ್ಲಿ ಎಲ್ಲೆಂದರಲ್ಲಿ ಕಟ್ಟುವುದಿಲ್ಲ. ಕೆಲವು ಗೊತ್ತಾದ ಜಾಗಗಳಲ್ಲಿಯೇ ಕಟ್ಟುತ್ತದೆ. ಏಕೆ ಹಾಗೆ? ಇದೇ ಇಂದಿನ ನನ್ನ ವಿಷಯ.

ಮೈಯೊಳಗಿನ ಪಂಪು

ನಮ್ಮ ಹೃದಯ ಒಂದು ಪಂಪು. ಸುಮ್ಮನೆ ಕುಳಿತಿರುವಾಗಲೂ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 7,000 ಲೀಟರಿಗೂ ಮೇಲು. ಒಂದು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಈ ಪಂಪಿಗೆ ಕರೆಂಟು ಹೋಗುವಂತಿಲ್ಲ. ರಿಪೇರಿಗೆಂದು ಒಂದು ಗಳಿಗೆ ನಿಲ್ಲಿಸುವಂತಿಲ್ಲ.

ಹೃದಯದಿಂದ ಹೊರಡುವ ನಾಳಗಳಿಗೆ ಧಮನಿಗಳೆಂದೂ, ಮೈಯೆಲ್ಲ ಸುತ್ತಿ ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳಗಳಿಗೆ ಸಿರೆಗಳೆಂದೂ ಹೆಸರು. ಧಮನಿಯಲ್ಲಿ ಒತ್ತಡ ಹೆಚ್ಚು, ಸಿರೆಯಲ್ಲಿ ಬಹಳ ಕಡಿಮೆ. ಪಂಪಿನ ಬಳಿಯ ಪೈಪಿಗೂ ಗದ್ದೆಯ ಕೊನೆಯ ಬಸಿಗಾಲುವೆಗೂ ಇರುವ ವ್ಯತ್ಯಾಸದಂತೆ ಇದು.

ರಕ್ತದ ಒತ್ತಡವನ್ನು ಅಳೆದು ಮೊದಲು ಪುಸ್ತಕದಲ್ಲಿ ಬರೆದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಗಳು. ಇವರು ನಮ್ಮ ಕಸುಬಿಗೂ ಬೇಕಾದವರು. ದ್ರಾಕ್ಷಿ ಬಳ್ಳಿಯಲ್ಲಿ ರಸ ಎಷ್ಟು ಬಲದಿಂದ ಮೇಲೇರುತ್ತದೆ ಎಂಬುದನ್ನು ಅಳೆದು 1727ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದಕ್ಕೂ ಮೊದಲೇ ಒಂದು ಹೆಣ್ಣು ಕುದುರೆಯ ಧಮನಿಗೆ ಗಾಜಿನ ಕೊಳವೆ ಜೋಡಿಸಿ ನೋಡಿದ್ದರು. ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ ನಿಂತಿತು. ಇದು 1733ರಲ್ಲಿ ಅಚ್ಚಾಯಿತು.

ಈಗ ದಾದಿಯರು ನಿಮ್ಮ ತೋಳಿಗೆ ಪಟ್ಟಿ ಕಟ್ಟಿ 120, 80 ಎಂದು ಬರೆದುಕೊಳ್ಳುತ್ತಾರಲ್ಲ, ಅದು ಪಾದರಸದ ಅಳತೆ, ಮಿಲಿಮೀಟರ್ ಲೆಕ್ಕ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಅದನ್ನು ನೀರಿನ ಲೆಕ್ಕಕ್ಕೆ ತಂದರೆ 120 ಎಂದರೆ ಸುಮಾರು 5 ಅಡಿ 4 ಅಂಗುಲ ಎತ್ತರದ ನೀರಿನ ಒತ್ತಡ. ಹೃದಯ ಬಡಿದಾಗ ಅಷ್ಟು. ಎರಡು ಬಡಿತದ ನಡುವೆ ಸುಮಾರು ಮೂರೂವರೆ ಅಡಿ. ಮೇಲಿನ ಅಂಕಿ 160 ಆದರೆ ಅದು 7 ಅಡಿಗೂ ಮೇಲೆ. ಐದು ಅಡಿ ನೀರಿಗೆಂದು ಹಾಕಿದ ಏರಿಯ ಮೇಲೆ ಏಳು ಅಡಿ ನೀರು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಒತ್ತು ಮತ್ತು ಸವರು

ಹರಿಯುವ ರಕ್ತ ನಾಳದ ಗೋಡೆಗೆ ಎರಡು ಬಗೆಯ ಬಲವನ್ನು ಕೊಡುತ್ತದೆ. ಒಂದು, ಗೋಡೆಯನ್ನು ಹೊರಕ್ಕೆ ದೂಡಿ ಹಿಗ್ಗಿಸುವ ಬಲ. ಇದನ್ನು ಒತ್ತು ಎನ್ನೋಣ. ಇನ್ನೊಂದು, ಹರಿಯುತ್ತಾ ಹೋಗುವಾಗ ಗೋಡೆಯನ್ನು ಉದ್ದಕ್ಕೆ ಸವರಿಕೊಂಡು ಹೋಗುವ ಬಲ. ಇದನ್ನು ಸವರು ಎನ್ನೋಣ. ಕಾಲುವೆಯ ಬದಿಯ ಹುಲ್ಲನ್ನು ನೀರು ಹರಿವ ಕಡೆಗೆ ಮಲಗಿಸುವುದು ಇದೇ ಬಲ.

ಸವರು ಬಹಳ ಸಣ್ಣ ಬಲ. ಒತ್ತನ್ನು 10,000 ಪಾಲು ಮಾಡಿದರೆ ಸವರು ಸುಮಾರು ಒಂದು ಪಾಲು. ಇಷ್ಟು ಅಲ್ಪವಾದುದು ಏನು ಮಾಡೀತು ಎಂದು ಅನ್ನಿಸುವುದು ಸಹಜ. ಆದರೆ ಜಿಡ್ಡುಗಂಟು ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಅಲ್ಪ ಬಲವೇ.

ಗಂಟು ಎಲ್ಲಿ ಕಟ್ಟುತ್ತದೆ?

ನಿಮ್ಮ ದವಡೆಯ ಮೂಲೆಯ ಕೆಳಗೆ, ಕತ್ತಿನ ಪಕ್ಕದಲ್ಲಿ ಮೆಲ್ಲಗೆ ಬೆರಳಿಟ್ಟು ನೋಡಿ. ಒಂದು ಧಮನಿ ಬಡಿಯುವುದು ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಪಕ್ಕ ನೋಡಿ, ಒತ್ತಿ ಹಿಡಿಯಬೇಡಿ. ಅದರ ಸಮೀಪದಲ್ಲಿಯೇ ಆ ಧಮನಿ ಎರಡು ಕವಲಾಗುತ್ತದೆ. ಒಂದು ಮುಖಕ್ಕೆ ಹೋಗುತ್ತದೆ. ಇನ್ನೊಂದು ಮಿದುಳಿಗೆ ಹೋಗುತ್ತದೆ. ಮಿದುಳಿಗೆ ಹೋಗುವ ಕವಲು ಹುಟ್ಟುವಲ್ಲಿ ತುಸು ಅಗಲವಾಗಿ ಉಬ್ಬಿಕೊಂಡಿದೆ. ಲಕ್ವಕ್ಕೆ ಕಾರಣವಾಗುವ ಗಂಟುಗಳಲ್ಲಿ ಅನೇಕ ಹುಟ್ಟುವುದು ಈ ಉಬ್ಬಿನಲ್ಲಿ.

ಈಗ ಒಂದು ಪ್ರಶ್ನೆ. ಕವಲಾಗುವಲ್ಲಿ ರಕ್ತ ರಭಸದಿಂದ ಬಂದು ಅಪ್ಪಳಿಸುವುದು ನಡುವಿನ ತುದಿಗೆ. ಅದಕ್ಕೆ ಎದುರಾದ ಹೊರಪಕ್ಕದ ಗೋಡೆಯ ಬಳಿ ಹರಿವು ಮಂದ. ಗಂಟು ಕಟ್ಟುವುದು ರಭಸ ತಾಕುವ ತುದಿಯಲ್ಲಿಯೋ, ಮಂದವಾಗಿರುವ ಹೊರಪಕ್ಕದಲ್ಲಿಯೋ?

ಏಟು ಬಿದ್ದ ಕಡೆಯೇ ಕೆಡುತ್ತದೆ ಎಂದು ಯಾರಿಗಾದರೂ ತೋರುತ್ತದೆ. ವಿಜ್ಞಾನಿಗಳಲ್ಲಿಯೂ ಹಾಗೆ ತಿಳಿದವರಿದ್ದರು. 1968ರಲ್ಲಿ ಅಮೆರಿಕದ ಡೊನಾಲ್ಡ್ ಫ್ರೈ ಎಂಬವರು, ರಕ್ತ ಬಹಳ ಬಲವಾಗಿ ಉಜ್ಜಿದರೆ ನಾಳದ ಒಳಪದರ ಕೆಡುತ್ತದೆ ಎಂದು ನಾಯಿಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು. ಆದರೆ ಮರುವರ್ಷವೇ, 1969ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಕ್ಯಾರೋ ಮತ್ತು ಅವರ ಜೊತೆಗಾರರು ಬೇರೆ ಮಾತು ಹೇಳಿದರು. ಮನುಷ್ಯರ ಧಮನಿಗಳಲ್ಲಿ ಆರಂಭದ ಜಿಡ್ಡು ಕಾಣುವುದು ರಕ್ತ ಬಲವಾಗಿ ಸವರುವ ಕಡೆಯಲ್ಲ, ಮಂದವಾಗಿ ಸವರುವ ಕಡೆ ಎಂದರು. 1983ರಲ್ಲಿ ಅಮೆರಿಕದ ಸಂಶೋಧಕರು ಈ ಕತ್ತಿನ ಕವಲಿನ ಮಾದರಿಯನ್ನೇ ಮಾಡಿ, ಅದರಲ್ಲಿ ದ್ರವ ಹರಿಸಿ, ಸತ್ತವರ ಧಮನಿಗಳೊಡನೆ ಹೋಲಿಸಿ ನೋಡಿದರು. ನಡುವಿನ ತುದಿ ಬಹುಮಟ್ಟಿಗೆ ಸ್ವಚ್ಛವಾಗಿತ್ತು. ಹೊರಪಕ್ಕದ ಗೋಡೆಯಲ್ಲಿ, ಅಂದರೆ ರಕ್ತ ಮಂದವಾಗಿ ಹರಿದು, ಸುಳಿ ತಿರುಗಿ, ಒಮ್ಮೆ ಮುಂದೆ ಒಮ್ಮೆ ಹಿಂದೆ ತೂಗಾಡುವ ಜಾಗದಲ್ಲಿ, ಗಂಟು ದಪ್ಪವಾಗಿತ್ತು.

ಹೃದಯಕ್ಕೇ ರಕ್ತ ಕೊಡುವ ಧಮನಿಗಳಲ್ಲಿಯೂ ಹೀಗೆಯೇ. ಕವಲು ಒಡೆಯುವಲ್ಲಿ, ತಿರುವಿನ ಒಳಮಗ್ಗುಲಲ್ಲಿ ಗಂಟು ಹೆಚ್ಚು. ಕಾಲುವೆಯ ತಿರುವಿನಲ್ಲಿ ಹೂಳು ಕೂರುವುದು ಒಳಮಗ್ಗುಲಲ್ಲಿಯೇ ಎಂಬುದನ್ನು ಜ್ಞಾಪಿಸಿಕೊಳ್ಳಿ.

ಆದರೆ ಇದು ಹೂಳಲ್ಲ

ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಬೇಕು. ಇದಕ್ಕಿಂತ ಮುಂದೆ ಎಳೆದರೆ ತಪ್ಪು ತಿಳಿವಳಿಕೆಗೆ ದಾರಿಯಾಗುತ್ತದೆ. ಹೂಳು ಕಾಲುವೆಯ ತಳದಲ್ಲಿ ಕೂರುತ್ತದೆ. ಸನಿಕೆ ಹಿಡಿದು ತೆಗೆಯಬಹುದು, ಜೋರಾಗಿ ನೀರು ಬಿಟ್ಟು ತೊಳೆಯಬಹುದು. ಜಿಡ್ಡುಗಂಟು ಹಾಗಲ್ಲ. ಅದು ಗೋಡೆಯ ಮೇಲೆ ಅಂಟಿದ್ದಲ್ಲ, ಗೋಡೆಯ ಒಳಗೇ ಬೆಳೆದದ್ದು. ಏಕೆಂದರೆ ಧಮನಿಯ ಗೋಡೆ ಮಣ್ಣಲ್ಲ, ಸಿಮೆಂಟಲ್ಲ, ಜೀವವಿರುವ ವಸ್ತು.

ಧಮನಿಯ ಒಳಮೈಗೆ ಒಂದೇ ಒಂದು ಕಣದಷ್ಟು ದಪ್ಪದ ಜೀವಂತ ಪದರವಿದೆ. ರಕ್ತ ಒಂದೇ ಕಡೆಗೆ ಚೆನ್ನಾಗಿ ಹರಿವಲ್ಲಿ ಈ ಜೀವಕಣಗಳು ನೀರಿನಲ್ಲಿ ಮಲಗಿದ ಹುಲ್ಲಿನಂತೆ ಉದ್ದುದ್ದವಾಗಿ, ಹರಿವಿನ ದಿಕ್ಕಿಗೆ ಸಾಲಾಗಿ ನಿಂತಿರುತ್ತವೆ. ಸುಳಿಯಿರುವಲ್ಲಿ ಸಾಲು ತಪ್ಪಿ, ದುಂಡಗಾಗಿ, ಹರವಿದ ಗುಂಡುಕಲ್ಲುಗಳಂತೆ ಇರುತ್ತವೆ.

ಈ ಕಣಗಳಿಗೆ ಸವರುವಿಕೆ ತಿಳಿಯುತ್ತದೆ. ಹಿತವಾಗಿ, ಒಂದೇ ದಿಕ್ಕಿಗೆ ಸವರಿದರೆ ಅವು ನೈಟ್ರಿಕ್ ಆಕ್ಸೈಡ್ ಎಂಬ ಒಂದು ಅನಿಲವನ್ನು ತುಸು ತುಸುವಾಗಿ ಬಿಡುತ್ತವೆ. ಅದರಿಂದ ನಾಳ ಸಡಿಲವಾಗಿ ಅಗಲಗೊಳ್ಳುತ್ತದೆ, ರಕ್ತ ಗೋಡೆಗೆ ಅಂಟಿ ಹೆಪ್ಪಾಗುವುದು ತಪ್ಪುತ್ತದೆ. ಒಳಪದರದಿಂದ ಇಂಥದೊಂದು ವಸ್ತು ಹೊರಡುತ್ತದೆಂದು 1980ರಲ್ಲಿ ತೋರಿಸಿದವರು ರಾಬರ್ಟ್ ಫರ್ಚ್‌ಗಾಟ್. ಈ ವಿಷಯದ ಕೆಲಸಕ್ಕಾಗಿ ಅವರಿಗೂ ಲೂಯಿ ಇಗ್ನಾರೋ, ಫೆರಿದ್ ಮುರಾದ್ ಅವರಿಗೂ 1998ರಲ್ಲಿ ನೊಬೆಲ್ ಬಹುಮಾನ ಬಂದಿತು.

ಸವರು ಮಂದವಾಗಿ, ದಿಕ್ಕು ತಪ್ಪಿದರೆ ಆ ಕಣಗಳ ನಡತೆಯೇ ಬೇರೆಯಾಗುತ್ತದೆ. ರಕ್ಷಿಸುವ ಆ ಅನಿಲ ಕಡಿಮೆಯಾಗುತ್ತದೆ. ಪದರ ಜಿನುಗುವಂತಾಗಿ ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲ್ ಒಳಗೆ ಸೇರಿಕೊಳ್ಳುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಜಿಡ್ಡು ತುಂಬಿಕೊಂಡು ಅಲ್ಲಿಯೇ ಉಳಿಯುತ್ತವೆ. ಹೀಗೆ ವರ್ಷಗಟ್ಟಲೆ ನಡೆದು ಗಂಟು ಬೆಳೆಯುತ್ತದೆ.

ಆದಕಾರಣ, ಈ ಪುಡಿ ಕುಡಿದರೆ ನಾಳ ತೊಳೆದುಹೋಗುತ್ತದೆ, ಈ ಕಷಾಯದಿಂದ ಬ್ಲಾಕು ಕರಗಿ ಇಳಿಯುತ್ತದೆ ಎಂದು ಸಂತೆಯಲ್ಲಿ ಮಾರುವವರ ಮಾತಿಗೆ ಹಣ ಕೊಡಬೇಡಿ. ಗೋಡೆಯ ಮೇಲಿನ ಕೊಳೆಯಾಗಿದ್ದರೆ ತೊಳೆಯಬಹುದಿತ್ತು.

ಕವಲು ಎಲ್ಲರಿಗೂ ಇದೆ, ರೋಗ ಎಲ್ಲರಿಗೂ ಇಲ್ಲ

ಕತ್ತಿನಲ್ಲಿ ಕವಲು ಪ್ರತಿಯೊಬ್ಬರಿಗೂ ಇದೆ. ಹಾಗಾದರೆ ಎಲ್ಲರಿಗೂ ಲಕ್ವ ಏಕೆ ಹೊಡೆಯುವುದಿಲ್ಲ? ಶುಂಠಿ ಬೆಳೆದವರು ಇದನ್ನು ಸುಲಭವಾಗಿ ತಿಳಿಯಬಲ್ಲರು. ಕೊಳೆರೋಗ ಮೊದಲು ಹಿಡಿಯುವುದು ನೀರು ಬಸಿಯದ ಮಡಿಯಲ್ಲಿ. ಆದರೆ ರೋಗದ ಅಂಶವೇ ಇಲ್ಲದಿದ್ದರೆ ಆ ಮಡಿಯೂ ಬಹಳ ಮಟ್ಟಿಗೆ ಉಳಿದುಕೊಳ್ಳುತ್ತದೆ. ಕವಲು ಆ ತಗ್ಗಿನ ಮಡಿಯಿದ್ದಂತೆ. ಅಲ್ಲಿ ರೋಗ ಎಬ್ಬಿಸುವುವು ಬೇರೆ: ರಕ್ತದಲ್ಲಿ ಹೆಚ್ಚಿದ ಜಿಡ್ಡು, ತಂಬಾಕು, ಸಕ್ಕರೆ ಕಾಯಿಲೆ, ಮತ್ತು ಏರಿದ ಒತ್ತಡ.

ಒತ್ತಡದ ಪಾತ್ರಕ್ಕೆ ನಮ್ಮ ಮೈಯಲ್ಲಿಯೇ ಸಾಕ್ಷಿಯಿದೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಧಮನಿಯಲ್ಲಿ ಹರಿಯುವುದೂ ಅದೇ ರಕ್ತ, ಅದೇ ಜಿಡ್ಡು. ಆದರೆ ಅಲ್ಲಿ ಒತ್ತಡ ಸುಮಾರು 25ಕ್ಕೆ 10 ಮಾತ್ರ. ಅಲ್ಲಿ ಜಿಡ್ಡುಗಂಟು ಅಪರೂಪ. ಯಾವುದಾದರೂ ಕಾಯಿಲೆಯಿಂದ ಆ ನಾಳದಲ್ಲಿ ಒತ್ತಡ ಏರಿದವರಿಗೆ ಅಲ್ಲಿಯೂ ಕಟ್ಟುತ್ತದೆ. ಸಿರೆಗಳಲ್ಲಿಯೂ ಗಂಟು ಕಟ್ಟುವುದಿಲ್ಲ. ಆದರೆ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಕಾಲಿನ ಸಿರೆಯನ್ನು ತೆಗೆದು ಹೃದಯದ ಧಮನಿಗೆ ಜೋಡಿಸುತ್ತಾರೆ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫವಲೋರೋ ಎಂಬ ವೈದ್ಯರು ಈ ವಿಧಾನವನ್ನು ರೂಢಿಗೆ ತಂದರು. ಕಾಲಿನಲ್ಲಿ ಜೀವಮಾನವೆಲ್ಲ ಸ್ವಚ್ಛವಾಗಿರುತ್ತಿದ್ದ ಆ ಸಿರೆ, ಧಮನಿಯ ಒತ್ತಡಕ್ಕೆ ಸಿಕ್ಕಿದ ಮೇಲೆ ಕೆಲವು ವರ್ಷಗಳಲ್ಲಿ ತಾನೂ ಜಿಡ್ಡು ಹಿಡಿಯುವುದುಂಟು. ನಾಳ ಅದೇ, ರಕ್ತವೂ ಅದೇ. ಬದಲಾದದ್ದು ಅದರ ಮೇಲಿನ ಬಲ.

ನೋವಿಲ್ಲದ ರೋಗ

ಗಂಟು ಬೆಳೆಯುವಾಗ ಏಕೆ ತಿಳಿಯುವುದಿಲ್ಲ? ಅಮೆರಿಕದ ಸೇಮೂರ್ ಗ್ಲಾಗೋವ್ ಮತ್ತು ಜೊತೆಗಾರರು 1987ರಲ್ಲಿ ಇದರ ಗುಟ್ಟನ್ನು ತಿಳಿಸಿದರು. ಗಂಟು ಬೆಳೆದಂತೆ ಧಮನಿ ತಾನೇ ಹೊರಕ್ಕೆ ಅಗಲವಾಗಿ ರಕ್ತಕ್ಕೆ ದಾರಿ ಬಿಡುತ್ತದೆ. ನೂರಕ್ಕೆ 40ರಷ್ಟು ಜಾಗವನ್ನು ಗಂಟು ತಿಂದರೂ ಹರಿವಿನ ದಾರಿ ಹೆಚ್ಚು ಕಡಿಮೆ ಮೊದಲಿನಷ್ಟೇ ಇರುತ್ತದೆ. ಅದಕ್ಕೇ ಮನುಷ್ಯನಿಗೆ ನೋವಿಲ್ಲ, ಸುಸ್ತಿಲ್ಲ.

ಒಂದು ದಿನ ಗಂಟಿನ ಮೇಲಿನ ತೆಳುವಾದ ಹೊದಿಕೆ, ರಕ್ತದ ಒತ್ತನ್ನು ತಾಳಲಾರದೆ ಬಿರಿಯುತ್ತದೆ. ಬಿರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ; ಕೆಲವೇ ನಿಮಿಷಗಳಲ್ಲಿ ದಾರಿ ಮುಚ್ಚಬಹುದು. ಹೃದಯದಲ್ಲಾದರೆ ಹೃದಯಾಘಾತ, ಮಿದುಳಿನ ದಾರಿಯಲ್ಲಾದರೆ ಲಕ್ವ. ಜನ ‘ಇದ್ದಕ್ಕಿದ್ದ ಹಾಗೆ ಬಂತು’ ಎನ್ನುತ್ತಾರೆ. ಬಂದದ್ದು ಇಪ್ಪತ್ತು, ಮೂವತ್ತು ವರ್ಷದಿಂದ. ತಿಳಿದದ್ದು ಇದ್ದಕ್ಕಿದ್ದ ಹಾಗೆ.

ನನ್ನ ಸೋದರಮಾವನವರು ಒತ್ತಡದ ಮಾತ್ರೆ ನುಂಗುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಮಾತ್ರೆ ಮುಗಿಯಿತು. ‘ಮೈ ಚೆನ್ನಾಗಿಯೇ ಇದೆಯಲ್ಲ, ಮಾತ್ರೆ ಏತಕ್ಕೆ’ ಎಂದು ಬಿಟ್ಟರು. ನಾಲ್ಕು ತಿಂಗಳಿಗೆ ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಇಂದಿಗೂ ಎಡಗೈಯಲ್ಲಿ ಉಣ್ಣುತ್ತಾರೆ. ಮೈ ಚೆನ್ನಾಗಿದ್ದದ್ದು ಮಾತ್ರೆಯಿಂದ, ಮಾತ್ರೆ ಬೇಡವಾದ್ದರಿಂದಲ್ಲ. ಏರಿ ಗಟ್ಟಿಯಾಗಿದೆ ಎಂದು ಯಾರಾದರೂ ಕೋಡಿಯನ್ನು ಮುಚ್ಚುತ್ತಾರೆಯೇ?

ನಾವು ಮಾಡಬೇಕಾದ ಕೆಲಸ

ಕವಲನ್ನು ನೇರ ಮಾಡುವುದು ನಮ್ಮ ಕೈಯಲ್ಲಿಲ್ಲ. ಉಳಿದದ್ದು ನಮ್ಮ ಕೈಯಲ್ಲಿದೆ.

1. ಮೂವತ್ತು ವರ್ಷ ದಾಟಿದ ಗಂಡಸರೂ ಹೆಂಗಸರೂ ವರ್ಷಕ್ಕೆ ಒಂದು ಸಲವಾದರೂ ಆರೋಗ್ಯ ಉಪಕೇಂದ್ರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳಿ. ನೋಡಿಸುವ ಅರ್ಧ ಗಂಟೆ ಮೊದಲು ಬೀಡಿ, ಕಾಫಿ, ಟೀ ಬೇಡ. ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಅಳೆಯಿಸಿಕೊಳ್ಳಿ. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ವೈದ್ಯರನ್ನು ಕಾಣಲೇಬೇಕು.

2. ಮಾತ್ರೆ ಬರೆದುಕೊಟ್ಟಿದ್ದರೆ ದಿನವೂ ನುಂಗಿ. ಮುಗಿಯುವ ವಾರದ ಮೊದಲೇ ತಂದಿಡಿ. ನಿಲ್ಲಿಸುವುದೋ ಬದಲಾಯಿಸುವುದೋ ವೈದ್ಯರು ಹೇಳಬೇಕು, ನಾವಲ್ಲ.

3. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಒಂದು ಸಣ್ಣ ಟೀ ಚಮಚದಷ್ಟು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವೂ ಸೇರಿ ಇಷ್ಟು. ಊಟದ ಎಲೆಗೆ ಬೇರೆಯಾಗಿ ಉಪ್ಪು ಬಡಿಸುವ ಪದ್ಧತಿಯನ್ನು ತಾಯಂದಿರು ನಿಲ್ಲಿಸಿದರೆ ಮನೆಗೆಲ್ಲ ಉಪಕಾರ.

4. ಬೀಡಿ, ಸಿಗರೇಟಿನ ಹೊಗೆ ನಾಳದ ಒಳಪದರವನ್ನು ನೇರವಾಗಿ ಕೆಡಿಸಿ, ಅದು ಬಿಡುವ ಆ ಒಳ್ಳೆಯ ಅನಿಲವನ್ನು ಕಡಿಮೆ ಮಾಡುತ್ತದೆ. ಹೊಗೆಸೊಪ್ಪು ಅಗಿಯುವುದೂ ಕ್ಷೇಮವಲ್ಲ.

5. ನಡೆಯಿರಿ, ಮೈ ದುಡಿಸಿ. ಮೈ ದುಡಿದಾಗ ರಕ್ತ ಚುರುಕಾಗಿ ಹರಿದು ನಾಳವನ್ನು ಹಿತವಾಗಿ ಸವರುತ್ತದೆ, ಒಳಪದರ ಚೇತರಿಸಿಕೊಳ್ಳುತ್ತದೆ. ಈಗ ಉಳುವುದು ಟ್ರ್ಯಾಕ್ಟರು, ತೋಟಕ್ಕೆ ಹೋಗುವುದು ಬೈಕು. ಹಿಂದಿನವರ ಊಟವನ್ನು ಉಳಿಸಿಕೊಂಡು ಅವರ ನಡಿಗೆಯನ್ನು ಬಿಟ್ಟಿದ್ದೇವೆ. ಆದರೆ ಎದೆನೋವು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

6. ಎದೆಯಲ್ಲಿ ಹಿಂಡಿದಂತೆ ನೋವು, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು ಕಂಡರೆ ‘ವಾಯು’ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ 108ಕ್ಕೆ ಫೋನು ಮಾಡಿ. ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಿದವರಿಗೆ. ಎಷ್ಟು ಬೇಗ ತಲುಪಿದರೆ ಅಷ್ಟು ಗುಣ.

ಬಂಧುಗಳೇ, ಮಳೆಗಾಲಕ್ಕೆ ಮುಂಚೆ ಏರಿಯ ಮೇಲೆ ಒಂದು ಸುತ್ತು ಹೋಗಿ, ಎಲ್ಲಿ ಜಿನುಗುತ್ತಿದೆ, ತೂಬು ಸರಿಯಿದೆಯೇ ಎಂದು ನೋಡಿಬರುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಕೆರೆ ಒಡೆದ ಮೇಲೆ ಯಾರೂ ನೋಡಲು ಹೋಗುವುದಿಲ್ಲ, ಆಗ ನೋಡಿ ಫಲವಿಲ್ಲ. ನಮ್ಮ ಮೈಯ ಕಾಲುವೆಗೂ ಈ ಪದ್ಧತಿಯೇ ಸಲ್ಲುತ್ತದೆ. ಮುಂದಿನ ಸಲ ಆರೋಗ್ಯ ಸಹಾಯಕಿಯವರು ಒತ್ತಡ ನೋಡಲು ಊರಿಗೆ ಬಂದಾಗ, ಹೊಲದ ಕೆಲಸ ಒಂದು ಗಳಿಗೆ ತಡವಾದರೂ ಚಿಂತೆಯಿಲ್ಲವೆಂದು ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ. ನಿಮ್ಮ ಅಂಕಿ ಎಷ್ಟೆಂಬುದನ್ನು ಪಂಪಿನ ಹೆಚ್.ಪಿ.ಯನ್ನು ನೆನಪಿಡುವಂತೆ ನೆನಪಿಟ್ಟುಕೊಳ್ಳಿ.